ಮಂಗನ ಕಾಯಿಲೆ: ಲಸಿಕೆ ನಿಂತ ಮೇಲೆ ಮಲೆನಾಡಿಗೆ ಉಳಿದದ್ದೇನು?

ಮಲೆನಾಡಿನಲ್ಲಿ ಮಳೆ ನಿಂತು ಅಡಿಕೆ ಕೊಯ್ಲು ಜೋರಾಗುವ ಹೊತ್ತಿಗೆ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಬರುತ್ತದೆ. ಇಂಥ ಊರಿನ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ, ಸ್ಯಾಂಪಲ್ ಪರೀಕ್ಷೆಗೆ ಹೋಗಿದೆ, ಜನ ಗಾಬರಿ ಆಗಬೇಕಿಲ್ಲ ಅಂತ. ಕೆಲವು ವಾರ ಕಳೆಯುವಷ್ಟರಲ್ಲಿ ಅದೇ ತಾಲ್ಲೂಕಿನಿಂದ ಜ್ವರದ ಸುದ್ದಿ ಬರುತ್ತದೆ, ಆಮೇಲೆ ಒಂದೋ ಎರಡೋ ಸಾವು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎಲ್ಲರೂ ಮರೆಯುತ್ತಾರೆ. ಸುಮಾರು ಎಪ್ಪತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ಈ ರೋಗ ಹರಡುವ ದಾರಿ ವಿಜ್ಞಾನಿಗಳಿಗೆ ಗೊತ್ತು. ಯಾವ ತಿಂಗಳಲ್ಲಿ ಬರುತ್ತದೆ, ಯಾವ ಜಾಗದಲ್ಲಿ ಬರುತ್ತದೆ, ಯಾರಿಗೆ ಜಾಸ್ತಿ ಬರುತ್ತದೆ ಅನ್ನೋದೂ ಹೆಚ್ಚುಕಡಿಮೆ ಗೊತ್ತು. ಆದರೂ ಜನ ಸಾಯುತ್ತಿದ್ದಾರೆ. ನನ್ನ ಪ್ರಕಾರ ಇದಕ್ಕೆ ಮುಖ್ಯ ಕಾರಣ ಒಂದೇ: ಮಂಗನ ಕಾಯಿಲೆಯಲ್ಲಿ ಎಲ್ಲವೂ ದಿನಗಳ ಲೆಕ್ಕ, ನಾವು ಪ್ರತಿ ಸಲ ಆ ದಿನಗಳನ್ನೇ ಕಳೆದುಕೊಳ್ಳುತ್ತೇವೆ. ಕಾಡಿನಲ್ಲೂ ಕಳೆದುಕೊಳ್ಳುತ್ತೇವೆ, ಆಸ್ಪತ್ರೆಯಲ್ಲೂ ಕಳೆದುಕೊಳ್ಳುತ್ತೇವೆ, ಲಸಿಕೆಯ ವಿಷಯದಲ್ಲಂತೂ ವರ್ಷಗಳನ್ನೇ ಕಳೆದುಕೊಂಡಿದ್ದೇವೆ. ಅದು ಹೇಗೆ ಅಂತ ಅರ್ಥವಾಗಬೇಕಾದರೆ ಮೊದಲು ವೈರಸ್ ಎಲ್ಲಿ ಬದುಕುತ್ತದೆ, ನಮ್ಮ ಮೈಯೊಳಗೆ ಬಂದ ಮೇಲೆ ಏನಾಗುತ್ತದೆ ಅನ್ನೋದನ್ನು ನೋಡಬೇಕು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯಲು ಶುರುವಾದವು. ಅದೇ ಸಮಯದಲ್ಲಿ ಆ ಹಳ್ಳಿಗಳ ಜನರಿಗೂ ವಿಪರೀತ ಜ್ವರ. ಮೊದಲು ಟೈಫಾಯ್ಡ್ ಇರಬಹುದು ಅಂದುಕೊಂಡರು. ಆದರೆ ಮಂಗಗಳೂ ಸಾಯುತ್ತಿವೆ ಅನ್ನೋದು ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ, ಅಂದರೆ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಗೊತ್ತಾದಾಗ ಅಲ್ಲಿನವರಿಗೆ ನಿಜಕ್ಕೂ ಭಯ ಆಯಿತು. ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ರೋಗ ಅಂದರೆ ಆಗಿನವರಿಗೆ ತಕ್ಷಣ ಹೊಳೆಯುತ್ತಿದ್ದದ್ದು ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕದ ಆ ರೋಗ ಭಾರತಕ್ಕೆ ಯಾವತ್ತೂ ಬಂದಿರಲಿಲ್ಲ, ಅದನ್ನು ಹರಡುವ ಸೊಳ್ಳೆ ಮಾತ್ರ ಇಲ್ಲಿ ಧಾರಾಳವಾಗಿ ಇತ್ತು. ಒಮ್ಮೆ ಬಂದುಬಿಟ್ಟರೆ ದೇಶವೇ ನಲುಗಿಹೋಗುತ್ತದೆ ಅನ್ನೋ ಆತಂಕದಲ್ಲೇ ಆ ಕೇಂದ್ರದ ಮುಖ್ಯಸ್ಥ ಟೆಲ್‌ಫೋರ್ಡ್ ವರ್ಕ್ ಮತ್ತವರ ತಂಡ ಸೊರಬಕ್ಕೆ ಬಂತು.

ಸಿಕ್ಕಿದ್ದು ಬೇರೆ ವೈರಸ್. ಹಳದಿ ಜ್ವರ, ಡೆಂಗಿ ಇವುಗಳ ಕುಟುಂಬದ್ದೇ, ಆದರೆ ಹತ್ತಿರದ ಸಂಬಂಧ ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಒಂದು ಮೆದುಳು ಜ್ವರದ ವೈರಸ್ ಜೊತೆ. ಸೈಬೀರಿಯಾದ ನಂಟು ಇರುವ ವೈರಸ್ ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಮೂಲಕ ಬಂದಿರಬಹುದು ಅಂತ ಕೆಲವರು ಊಹಿಸಿದರು. ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಪ್ರಮಾಣದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸ ಶುರು ಮಾಡಿದ್ದಕ್ಕೆ, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿದ್ದಕ್ಕೆ ಈ ಊಹೆಯೂ ಒಂದು ಕಾರಣ. ನಮ್ಮ ದೇಶದ ಹಕ್ಕಿ ಅಧ್ಯಯನದ ಇತಿಹಾಸದಲ್ಲಿ ಮಲೆನಾಡಿನ ಒಂದು ಜ್ವರಕ್ಕೂ ಪಾಲಿದೆ ಅನ್ನೋದು ನನಗೆ ಯಾವಾಗಲೂ ಆಶ್ಚರ್ಯ ಹುಟ್ಟಿಸುವ ವಿಷಯ.

ಈಗ ಉಣುಗಿನ ವಿಷಯಕ್ಕೆ ಬರೋಣ. ಈ ರೋಗದ ನಿಜವಾದ ಕಥೆ ಅಲ್ಲಿದೆ.

ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನೋದು ಮಲೆನಾಡಿನ ಕಾಡಿನಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಉಣುಗು. ಅದರ ಬದುಕಿನಲ್ಲಿ ಮೂರು ಹಂತ, ಪ್ರತಿ ಹಂತಕ್ಕೂ ಒಮ್ಮೆ ರಕ್ತ ಬೇಕು, ಪ್ರತಿ ಸಲವೂ ಬೇರೆ ಪ್ರಾಣಿಯ ಮೈಮೇಲೆ ಹತ್ತುತ್ತದೆ. ಮಳೆಗಾಲ ಶುರುವಾದಾಗ ದೊಡ್ಡ ಉಣುಗುಗಳು ದನ, ಎಮ್ಮೆ, ಕಾಡುಪ್ರಾಣಿಗಳ ರಕ್ತ ಕುಡಿದು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತವೆ. ಮಳೆ ಮುಗಿಯುತ್ತಾ ಬಂದಾಗ ಮೊಟ್ಟೆಯೊಡೆದ ಮರಿಗಳು ಇಲಿ, ಅಳಿಲು, ನೆಲದ ಹಕ್ಕಿಗಳು, ಮಂಗಗಳು, ಹೀಗೆ ಸಿಕ್ಕಿದ್ದರ ಮೇಲೆ ಹತ್ತುತ್ತವೆ. ಹೊಟ್ಟೆ ತುಂಬಿದ ಮೇಲೆ ಉದುರಿ, ಪೊರೆ ಬಿಟ್ಟು ಎರಡನೇ ಹಂತಕ್ಕೆ ಬರುತ್ತವೆ. ಇದಕ್ಕೆ ನಿಂಫ್ ಅನ್ನುತ್ತಾರೆ. ಗಾತ್ರ ಒಂದೆರಡು ಮಿಲಿಮೀಟರ್ ಅಷ್ಟೇ. ನವೆಂಬರ್‌ನಿಂದ ಮೇ ತನಕ ಒಣಗಿದ ಎಲೆಗಳ ನಡುವೆ, ಗಿಡದ ತುದಿಯಲ್ಲಿ ಕೂತು ಯಾವುದಾದರೂ ಬಿಸಿರಕ್ತದ ಪ್ರಾಣಿ ಪಕ್ಕದಲ್ಲಿ ಹಾಯಲಿ ಅಂತ ಕಾಯುವುದು ಈ ನಿಂಫ್‌ಗಳೇ. ಮನುಷ್ಯರಿಗೆ ರೋಗ ಹಚ್ಚುವುದು ಹೆಚ್ಚಾಗಿ ಇವೇ. ಹಾಗಾಗಿಯೇ ಮಂಗನ ಕಾಯಿಲೆ ಡಿಸೆಂಬರ್‌ನಲ್ಲಿ ತಲೆ ಎತ್ತಿ ಜನವರಿಯಿಂದ ಮಾರ್ಚ್‌ವರೆಗೆ ಜೋರಾಗಿ, ಮಳೆ ಬಂದ ಮೇಲೆ ತಣ್ಣಗಾಗುತ್ತದೆ.

ಒಂದು ಹಂತದಲ್ಲಿ ವೈರಸ್ ಹೊಕ್ಕ ಉಣುಗು ಪೊರೆ ಬಿಟ್ಟ ಮೇಲೂ ವೈರಸ್ ಅದರೊಳಗೇ ಉಳಿದಿರುತ್ತದೆ. ಅಂದರೆ ಉಣುಗು ಬರೀ ಸಾಗಣೆಯ ಗಾಡಿ ಅಲ್ಲ, ವೈರಸ್‌ನ ಮನೆಯೇ ಅದು. ಇಲಿಗಳ ಮತ್ತು ಉಣುಗುಗಳ ನಡುವೆ ಸದ್ದಿಲ್ಲದೆ ಓಡಾಡಿಕೊಂಡು ಕಾಡಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಇದರ ನಡುವೆ ಮಂಗ ಬರುತ್ತದೆ. ಕೆಂಪು ಮೂತಿಯ ಕೋತಿಗೂ ಕಪ್ಪು ಮೂತಿಯ ಮುಸಿಯಕ್ಕೂ ಈ ವೈರಸ್ ತಾಗುತ್ತದೆ, ಮುಸಿಯಕ್ಕಂತೂ ಇನ್ನೂ ಮಾರಕ. ರೋಗ ಬಂದ ಮಂಗದ ರಕ್ತದಲ್ಲಿ ವೈರಸ್ ಪ್ರಮಾಣ ವಿಪರೀತ ಏರುತ್ತದೆ, ಆಗ ಅದರ ಮೈಮೇಲಿರುವ ನೂರಾರು ಉಣುಗುಗಳಿಗೆ ಒಟ್ಟಿಗೇ ಸೋಂಕು ಅಂಟುತ್ತದೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಆ ಉಣುಗುಗಳೆಲ್ಲ ಅಲ್ಲೇ ಸುತ್ತ ಇಳಿದು ಹರಡುತ್ತವೆ. ಮಂಗ ಸತ್ತ ಜಾಗವೇ ಆ ಕಾಡಿನ ಅತ್ಯಂತ ಅಪಾಯದ ಜಾಗ ಆಗುವುದು ಹೀಗೆ.

ಹಾಗಂತ ಮಂಗಗಳನ್ನು ಓಡಿಸಿದರೆ, ಹೊಡೆದರೆ ಕಾಯಿಲೆ ಹೋಗುತ್ತದೆ ಅನ್ನೋ ಮಾತು ತಪ್ಪು. ಅವಕ್ಕೂ ಉಣುಗಿನಿಂದಲೇ ಬಂದದ್ದು. ಸತ್ತ ಮಂಗ ನಮಗೆ ಸಿಗುವ ಮೊದಲ ಎಚ್ಚರಿಕೆ. ಆ ಎಚ್ಚರಿಕೆ ಸಿಕ್ಕ ದಿನವೇ ಆ ಜಾಗಕ್ಕೆ ಜನ, ದನ ಹೋಗದಂತೆ ತಡೆದು, ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಿದರೆ ಅಪಾಯ ಬಹಳ ಕಡಿಮೆ ಆಗುತ್ತದೆ. ವಾರ ಬಿಟ್ಟು ಹಾಕಿದರೆ ಉಣುಗುಗಳು ಅಷ್ಟರಲ್ಲಿ ಹರಡಿರುತ್ತವೆ. ಮಂಗ ಸತ್ತದ್ದನ್ನು ಮೊದಲು ನೋಡುವವರು ದನ ಮೇಯಿಸುವವರು, ಸೌದೆಗೆ ಹೋದವರು. ಹೇಳಿದರೆ ಅರಣ್ಯ ಇಲಾಖೆಯವರು ಬಂದು ಸಾವಿರ ಪ್ರಶ್ನೆ ಕೇಳುತ್ತಾರೆ, ಕಾಡಿಗೆ ಹೋಗಿದ್ದೇಕೆ ಅನ್ನುತ್ತಾರೆ ಅನ್ನೋ ಹೆದರಿಕೆ ಅವರಿಗಿದ್ದರೆ ಆ ಸುದ್ದಿ ಹೊರಗೇ ಬರುವುದಿಲ್ಲ. ಈ ಹೆದರಿಕೆ ತೆಗೆಯುವುದಕ್ಕೆ ದುಡ್ಡೇನೂ ಖರ್ಚಾಗುವುದಿಲ್ಲ, ಅಲ್ವಾ?

ದನಗಳ ಪಾತ್ರ ಸ್ವಲ್ಪ ವಿಚಿತ್ರ. ದನದ ರಕ್ತದಲ್ಲಿ ಈ ವೈರಸ್ ಹೆಚ್ಚು ಬೆಳೆಯುವುದಿಲ್ಲ, ಹಾಗಾಗಿ ದನದಿಂದ ಉಣುಗಿಗೆ ಸೋಂಕು ದಾಟುವುದು ಕಷ್ಟ. ಆದರೆ ದೊಡ್ಡ ಉಣುಗುಗಳಿಗೆ ಹೊಟ್ಟೆತುಂಬ ರಕ್ತ ಸಿಗುವುದು ದನಗಳಿಂದಲೇ. ಕಾಡಂಚಿನಲ್ಲಿ ಮೇಯುವ ದನ ಜಾಸ್ತಿ ಇದ್ದಷ್ಟೂ ಉಣುಗು ಜಾಸ್ತಿ. ಕೊಲಂಬಿಯಾದ ಹಳದಿ ಜ್ವರದ ಮೇಲೆ ಕೆಲಸ ಮಾಡಿ ಹೆಸರಾಗಿದ್ದ ಹೋರ್ಹೆ ಬೊಷೆಲ್ ಆಮೇಲೆ ಇಲ್ಲಿಗೆ ಬಂದು ಸೊರಬ-ಸಾಗರದ ಕಾಡುಗಳನ್ನು ನೋಡಿ 1969ರಲ್ಲೇ ಬರೆದದ್ದು ಇದನ್ನು: ಕಾಡು ಕಡಿದು ಗದ್ದೆ-ತೋಟ ಮಾಡಿ, ಉಳಿದ ಕಾಡಂಚಿಗೆ ದನ ಬಿಟ್ಟು, ಅಲ್ಲಿ ಲಂಟಾನ ಪೊದೆ ಬೆಳೆದು, ಉಣುಗು ಹೆಚ್ಚಿ, ಮೊದಲೇ ಕಾಡಿನಲ್ಲಿ ತಣ್ಣಗಿದ್ದ ವೈರಸ್ ಹೊರಗೆ ಬಂತು ಅಂತ. ಹಕ್ಕಿಗಳ ಕಥೆಗಿಂತ ನನಗೆ ಇದು ಹೆಚ್ಚು ನಂಬುವಂತೆ ಕಾಣುತ್ತದೆ. ಇತ್ತೀಚಿನ ಅಧ್ಯಯನಗಳೂ ಅದೇ ದಿಕ್ಕಿಗೆ ಕೈ ತೋರಿಸುತ್ತಿವೆ. ದಟ್ಟ ಕಾಡಿನ ನಟ್ಟನಡುವಿಗಿಂತ, ಕಾಡು, ತೋಟ, ಮನೆ ಒಂದಕ್ಕೊಂದು ಅಂಟಿಕೊಂಡಿರುವ ಕಡೆ ಅಪಾಯ ಜಾಸ್ತಿ.

1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆದದ್ದು ಇದಕ್ಕೆ ಕಣ್ಣಿಗೆ ಕಾಣುವ ಉದಾಹರಣೆ. ಗೇರು ತೋಟ ಮಾಡಲಿಕ್ಕೆ ನಿಡ್ಲೆ ಕಡೆಯ ಕಾಡನ್ನು ಸಾರಾಸಗಟು ಕಡಿದರು. ಮಂಗಗಳು ಸತ್ತವು, ಕೆಲಸಕ್ಕೆ ಬಂದವರಿಗೂ ಸುತ್ತಲಿನ ಹಳ್ಳಿಗಳಿಗೂ ಜ್ವರ ಬಂತು. ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಈ ಕಾಯಿಲೆಯ ಇತಿಹಾಸದಲ್ಲಿ ಅಷ್ಟು ದೊಡ್ಡ ಹಾವಳಿ ಇನ್ನೊಂದಿಲ್ಲ.

ಬಹಳ ವರ್ಷ ಇದು ಕರ್ನಾಟಕದ ನಾಲ್ಕೈದು ಜಿಲ್ಲೆಗಳ ಕಾಯಿಲೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2012ರ ಕೊನೆಗೆ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ ಬಂತು. ಆಮೇಲೆ ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಗೋವಾ, ಸಿಂಧುದುರ್ಗದಲ್ಲಿ ಗೇರು ಹಣ್ಣು ಆರಿಸುವವರಿಗೆ ತಗುಲಿತು. ವೈರಸ್ ಹೊಸದಾಗಿ ಪ್ರಯಾಣ ಮಾಡಿತೋ, ಅಥವಾ ಮೊದಲೇ ಅಲ್ಲಿದ್ದು ಪರೀಕ್ಷೆ ಮಾಡಲು ಶುರು ಮಾಡಿದ ಮೇಲೆ ಕಂಡಿತೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು. 2018ರ ಕೊನೆಗೆ ಮತ್ತೆ ನಮ್ಮಲ್ಲೇ, ಸಾಗರ ತಾಲ್ಲೂಕಿನ ಅರಳಗೋಡು. ಶರಾವತಿ ಕಣಿವೆಯ ಆ ಊರಿನ ಹೆಸರು ಆ ಬೇಸಿಗೆಯಿಡೀ ಸುದ್ದಿಯಲ್ಲಿತ್ತು. ಮನೆ ಮನೆಯಲ್ಲೂ ಜ್ವರ ಇದ್ದು, ತೋಟದ ಕೆಲಸಕ್ಕೆ ಹೋಗಲು ಜನ ಹೆದರಿ ಕೂತಿದ್ದರು.

ಈ ಕಾಯಿಲೆಗೂ ಕೋವಿಡ್, ದಡಾರದಂಥ ಕಾಯಿಲೆಗಳಿಗೂ ಇರುವ ದೊಡ್ಡ ವ್ಯತ್ಯಾಸವನ್ನು ಹೇಳಲೇಬೇಕು. ರೋಗನಿರೋಧಕ ಶಕ್ತಿ ಇಲ್ಲದ ಜನರ ನಡುವೆ ದಡಾರ ಬಂದ ಒಬ್ಬರು ಸುಮಾರು 12ರಿಂದ 18 ಜನರಿಗೆ ಅದನ್ನು ಹಂಚುತ್ತಾರೆ. ಮಂಗನ ಕಾಯಿಲೆ ಬಂದವರು ಹಂಚುವುದು ಯಾರಿಗೂ ಇಲ್ಲ. ಸೊನ್ನೆ. ಕೆಮ್ಮಿನಿಂದ, ಮುಟ್ಟುವುದರಿಂದ, ಒಟ್ಟಿಗೆ ಊಟ ಮಾಡುವುದರಿಂದ ಇದು ಬರುವುದಿಲ್ಲ. ಮನುಷ್ಯನ ಮೈ ಸೇರಿದ ವೈರಸ್‌ಗೆ ಮುಂದೆ ಹೋಗಲು ದಾರಿ ಇಲ್ಲ. ಒಂದೇ ಮನೆಯಲ್ಲಿ ಮೂವರಿಗೆ ಬಂದಿದೆ ಅಂದರೆ ಮೂವರೂ ಒಂದೇ ಕಾಡಂಚಿಗೆ ಹೋಗಿದ್ದರು, ಅಥವಾ ಒಬ್ಬರು ತಂದ ಸೊಪ್ಪಿನ ಹೊರೆಯಲ್ಲಿ, ಕೊಟ್ಟಿಗೆಗೆ ಹಾಸಿದ ದರಗಿನಲ್ಲಿ, ಅಂದರೆ ಒಣ ಎಲೆಯಲ್ಲಿ, ಉಣುಗು ಬಂದಿತ್ತು ಅಂತಲೇ ಅರ್ಥ. ಕೋವಿಡ್ ಕಾಲದಲ್ಲಿ ಕಲಿತ ಅಂತರ, ಮಾಸ್ಕ್ ಇಲ್ಲಿ ಕೆಲಸಕ್ಕೆ ಬಾರವು. ರೋಗಿಯ ಮನೆಗೆ ಹೋಗದೆ, ಅವರನ್ನು ಕೆಲಸಕ್ಕೆ ಕರೆಯದೆ ದೂರ ಇಡುವುದರಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ, ಆ ಮನೆಯವರ ನೋವು ಮಾತ್ರ ಹೆಚ್ಚುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಯೋಗಾಲಯದಲ್ಲಿ ವೈರಸ್ ಜೊತೆ ನೇರವಾಗಿ ಕೆಲಸ ಮಾಡುವವರಿಗೆ ಮಾತ್ರ ಬೇರೆ ರೀತಿಯ ಅಪಾಯ ಇದೆ, ಅವರಲ್ಲಿ ಹಲವರಿಗೆ ಹಿಂದೆ ಸೋಂಕು ತಗುಲಿದೆ.

ಉಣುಗು ಕಚ್ಚಿದ್ದು ತುಂಬ ಜನರಿಗೆ ಗೊತ್ತೇ ಆಗುವುದಿಲ್ಲ. ಅದರ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ, ಚರ್ಮದ ರಕ್ಷಣೆಯನ್ನು ಮಂಕು ಮಾಡುವ ವಸ್ತುಗಳಿವೆ. ದಿನಗಟ್ಟಲೆ ಕಚ್ಚಿಕೊಂಡು ರಕ್ತ ಹೀರಬೇಕಾದ ಜೀವಿಗೆ ಇದೆಲ್ಲ ಬೇಕೇ ಬೇಕು. ಅದೇ ಜೊಲ್ಲಿನ ಜೊತೆ ವೈರಸ್ ಒಳಗೆ ಬರುತ್ತದೆ. ಚರ್ಮದಲ್ಲಿ ಕಾವಲಿಗಿರುವ ಜೀವಕೋಶಗಳು ಹೊರಗಿನಿಂದ ಬಂದದ್ದನ್ನು ಹಿಡಿದು ಹತ್ತಿರದ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಒಯ್ಯುತ್ತವೆ. ಆ ಗ್ರಂಥಿಯಲ್ಲೇ ಮುಂದಿನ ಹೋರಾಟಕ್ಕೆ ಸೈನ್ಯ ತಯಾರಾಗಬೇಕು. ತೊಂದರೆ ಏನೆಂದರೆ ಈ ಜಾತಿಯ ವೈರಸ್‌ಗಳು ಆ ಕಾವಲು ಕೋಶಗಳ ಒಳಗೇ ಹೊಕ್ಕು, ಅವುಗಳ ಜೊತೆಯಲ್ಲೇ ಗ್ರಂಥಿಗೆ ಬಂದು ಸೇರಿಬಿಡುತ್ತವೆ.

ವೈರಸ್ ಹೊಕ್ಕ ಯಾವುದೇ ಜೀವಕೋಶ ಮೊದಲು ಮಾಡುವ ಕೆಲಸ ಇಂಟರ್‌ಫೆರಾನ್ ಅನ್ನೋ ಪ್ರೋಟೀನನ್ನು ಹೊರಗೆ ಬಿಡುವುದು. ಕಾಡುಕೋಣ ತೋಟಕ್ಕೆ ನುಗ್ಗಿದ್ದನ್ನು ಕಂಡವರು ಕೂಗು ಹಾಕಿ ಅಕ್ಕಪಕ್ಕದ ಮನೆಯವರನ್ನು ಎಬ್ಬಿಸುತ್ತಾರಲ್ಲ, ಅಂಥ ಕೂಗು ಅದು. ಕೂಗು ಕೇಳಿದ ಕೋಶಗಳು ಒಳಗೊಳಗೇ ಸಜ್ಜಾಗುತ್ತವೆ, ವೈರಸ್ ಬಂದರೂ ಬೆಳೆಯದಂತೆ ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಮಂಗನ ಕಾಯಿಲೆಯ ವೈರಸ್ ಹತ್ತಿರ ಇದಕ್ಕೂ ಒಂದು ಅಸ್ತ್ರ ಇದೆ. ಅದರ ಎನ್‌ಎಸ್5 ಎಂಬ ಪ್ರೋಟೀನ್ ಈ ಕೂಗು ಕೇಳಿದರೂ ಕೋಶ ಏಳದಂತೆ ಮಾಡುತ್ತದೆ. ಮೊದಲ ಕೆಲವು ದಿನ ವೈರಸ್‌ಗೆ ಅಡ್ಡಿಯೇ ಇಲ್ಲದಂತಾಗಿ ರಕ್ತದಲ್ಲಿ ವಿಪರೀತ ಬೆಳೆಯುವುದಕ್ಕೆ ಇದೊಂದು ದೊಡ್ಡ ಕಾರಣ.

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಒಮ್ಮೆಲೇ ಜ್ವರ ಬರುತ್ತದೆ. ಬೆಳಿಗ್ಗೆ ತೋಟದಲ್ಲಿ ಆರಾಮಾಗಿ ಕೆಲಸ ಮಾಡುತ್ತಿದ್ದವರು ಸಂಜೆಗೆ ಏಳಲಾರದಂತೆ ಮಲಗುತ್ತಾರೆ. ತಲೆ ಸಿಡಿಯುವ ನೋವು, ಸೊಂಟ, ಮೀನಖಂಡ ಹಿಂಡಿದಂತೆ ನೋವು, ಕೆಂಪು ಕಣ್ಣು, ವಾಂತಿ. ಕೆಲವರಿಗೆ ಒಸಡಿನಲ್ಲಿ, ಮೂಗಿನಲ್ಲಿ, ಹೊಟ್ಟೆಯೊಳಗೆ ರಕ್ತಸ್ರಾವ. ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಕೆಳಗಿಳಿದಿರುತ್ತವೆ. ಜ್ವರ, ಸುಸ್ತು, ಮೈಕೈ ನೋವಿನಲ್ಲಿ ಬಹುಪಾಲು ವೈರಸ್ ನೇರವಾಗಿ ಮಾಡಿದ್ದಲ್ಲ, ನಮ್ಮ ದೇಹ ಹೋರಾಟಕ್ಕೆ ಇಳಿದಾಗ ಸುರಿಯುವ ರಾಸಾಯನಿಕಗಳಿಂದ ಆದದ್ದು.

ನಾಲ್ಕೈದನೇ ದಿನದ ಹೊತ್ತಿಗೆ ಐಜಿಎಂ ಅನ್ನೋ ಮೊದಲ ಸುತ್ತಿನ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸುತ್ತವೆ. ಇವು ವೈರಸ್‌ನ ಮೈಗೆ ಅಂಟಿಕೊಂಡು ಅದು ಹೊಸ ಕೋಶದೊಳಗೆ ಹೋಗದಂತೆ ತಡೆಯುತ್ತವೆ. ಈಗಾಗಲೇ ವೈರಸ್ ಹೊಕ್ಕಿರುವ ಕೋಶಗಳನ್ನು ಹುಡುಕಿ ಕೊಲ್ಲುವ ಕೆಲಸ ಟಿ ಕೋಶಗಳದ್ದು. ಅವು ಪೂರ್ತಿ ಬಲಕ್ಕೆ ಬರುವಾಗ ಎರಡನೇ ವಾರ ಹಿಡಿದಿರುತ್ತದೆ. ಆಮೇಲೆ ಹೆಚ್ಚು ಕಾಲ ಉಳಿಯುವ, ಹೆಚ್ಚು ಬಿಗಿಯಾಗಿ ಹಿಡಿಯುವ ಐಜಿಜಿ ಬರುತ್ತದೆ, ಜೊತೆಗೆ ಈ ವೈರಸ್‌ನ ಗುರುತನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ನೆನಪಿನ ಕೋಶಗಳು. ನೂರು ಜನರಿಗೆ ಕಾಯಿಲೆ ಬಂದರೆ 95ಕ್ಕೂ ಹೆಚ್ಚು ಜನ ಗೆದ್ದು ಬರುವುದು ಈ ಕೋಶಗಳ ದೆಸೆಯಿಂದ. ವೈರಸ್ಸನ್ನೇ ಕೊಲ್ಲುವ ಔಷಧಿ ಇದಕ್ಕೆ ಇಲ್ಲವೇ ಇಲ್ಲ. ಆಸ್ಪತ್ರೆಯವರು ಮಾಡುವುದು ದೇಹಕ್ಕೆ ಆ ಹತ್ತು-ಹನ್ನೆರಡು ದಿನ ಗಳಿಸಿಕೊಡುವ ಕೆಲಸ: ನೀರಿನಂಶ ಕಡಿಮೆ ಆಗದಂತೆ, ರಕ್ತದೊತ್ತಡ ಬೀಳದಂತೆ ನೋಡಿಕೊಳ್ಳುವುದು, ಜ್ವರಕ್ಕೆ ಪ್ಯಾರಸಿಟಮಾಲ್, ರಕ್ತಸ್ರಾವ ಆದರೆ ಪ್ಲೇಟ್‌ಲೆಟ್ ಕೊಡುವುದು.

ಸುಮಾರು 10ರಿಂದ 20% ಜನರಲ್ಲಿ ಇದು ಅಲ್ಲಿಗೇ ಮುಗಿಯುವುದಿಲ್ಲ. ಜ್ವರ ಬಿಟ್ಟು, ಒಂದೆರಡು ವಾರ ಚೆನ್ನಾಗಿದ್ದು, ಮೂರನೇ ವಾರದ ಹೊತ್ತಿಗೆ ಮತ್ತೆ ಜ್ವರ ಬರುತ್ತದೆ. ಈ ಸಲ ತೀವ್ರ ತಲೆನೋವು, ಕೈನಡುಕ, ಕಣ್ಣು ಮಂಜಾಗುವುದು, ಮಾತು ತಪ್ಪುವುದು, ಗೊಂದಲ. ಮನೆಯವರು ಹುಷಾರಾದರು ಅಂದುಕೊಂಡು ಕೆಲಸಕ್ಕೆ ಕಳಿಸಿರುತ್ತಾರೆ. ಮೊದಲ ಜ್ವರ ಇಳಿದ ಮೇಲೆ ಕನಿಷ್ಠ ಮೂರು-ನಾಲ್ಕು ವಾರ ರೋಗಿಯ ಮೇಲೆ ಕಣ್ಣಿಡಬೇಕು ಅನ್ನೋದನ್ನು ಡಿಸ್ಚಾರ್ಜ್ ಮಾಡುವಾಗ ಕನ್ನಡದಲ್ಲಿ, ಅರ್ಥವಾಗುವಂತೆ ಹೇಳಿ ಕಳಿಸಬೇಕು. ಕೇಸ್‌ಶೀಟಿನಲ್ಲಿ ಬರೆದರೆ ಸಾಲದು.

ದಿನದ ಲೆಕ್ಕ ಪರೀಕ್ಷೆಗೂ ಇದೆ. ಮೊದಲ ವಾರ ರಕ್ತದಲ್ಲಿ ವೈರಸ್ ಇರುತ್ತದೆ, ಆಗ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಮಾಡಬೇಕು. ಆಮೇಲೆ ವೈರಸ್ ಕಡಿಮೆಯಾಗಿ ಪ್ರತಿಕಾಯ ಏರುತ್ತದೆ, ಆಗ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ. ಎರಡನೇ ದಿನ ಐಜಿಎಂ ಮಾಡಿ ನೆಗೆಟಿವ್ ಬಂತು ಅಂತ ಮನೆಗೆ ಕಳಿಸಿದರೆ ಅದು ಪರೀಕ್ಷೆಯ ತಪ್ಪಲ್ಲ, ದಿನ ನೋಡದೆ ಮಾಡಿದವರ ತಪ್ಪು. ಪ್ಲೇಟ್‌ಲೆಟ್ ಇಳಿದದ್ದು ನೋಡಿ ಡೆಂಗಿ ಅಂದುಕೊಳ್ಳುವುದೂ ಸಾಮಾನ್ಯ. ಆದರೆ ಡೆಂಗಿ ಜೋರಾಗುವುದು ಮಳೆಗಾಲದಲ್ಲಿ. ಫೆಬ್ರವರಿಯ ಒಣ ಬಿಸಿಲಿನಲ್ಲಿ, ಸಾಗರ, ತೀರ್ಥಹಳ್ಳಿ, ಹೊಸನಗರ, ಸಿದ್ದಾಪುರ, ಕೊಪ್ಪ, ಶೃಂಗೇರಿ ಕಡೆಯಿಂದ ಬಂದವರಿಗೆ ಹೀಗಾಗಿದ್ದರೆ ವೈದ್ಯರು ಮೊದಲು ಕೇಳಬೇಕಾದ ಪ್ರಶ್ನೆ: ಕಾಡಿಗೆ, ಬೆಟ್ಟಕ್ಕೆ ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತಿದೆಯಾ? ಬೆಂಗಳೂರಿನ ವೈದ್ಯರೂ ಕೇಳಬೇಕು, ಯಾಕೆಂದರೆ ವಾರದ ಕೊನೆಗೆ ಚಾರಣಕ್ಕೆ, ಹೋಮ್‌ಸ್ಟೇಗೆ ಅಂತ ಈ ಕಾಡುಗಳಿಗೆ ಹೋಗುವವರು ಈಗ ತುಂಬ ಜನ. ಇನ್ನೊಂದು ಮಾತು. ಮೈಕೈ ನೋವು ತಡೆಯಲಾಗದೆ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಆಸ್ಪಿರಿನ್ ತಂದು ನುಂಗುವುದು, ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಈ ಜ್ವರದಲ್ಲಿ ಅಪಾಯ. ರಕ್ತಸ್ರಾವ ಹೆಚ್ಚಬಹುದು.

ಇನ್ನು ಲಸಿಕೆ. ನನಗೆ ಬಹಳ ಬೇಸರ ತರಿಸುವ ವಿಷಯ ಇದು.

ಶುರುವಿನಲ್ಲಿ ರಷ್ಯಾದ ಆ ನೆಂಟ ವೈರಸ್‌ಗಾಗಿ ಮಾಡಿದ್ದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು. ರಕ್ಷಣೆ ಸಿಗಲಿಲ್ಲ. ಪ್ರತಿಕಾಯಗಳು ಹಿಡಿಯುವುದು ವೈರಸ್‌ನ ಹೊರಮೈಯ ಆಕಾರವನ್ನು, ಆಕಾರ ಸ್ವಲ್ಪ ಬೇರೆಯಾದರೂ ಹಿಡಿತ ಸಡಿಲ. ಆಮೇಲೆ ನಮ್ಮದೇ ವೈರಸ್ಸನ್ನು ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಸಾಯಿಸಿ ಲಸಿಕೆ ಮಾಡಿದರು. 1990ರಿಂದ ಅದನ್ನು ಮಲೆನಾಡಿನಲ್ಲಿ ಕೊಡುತ್ತಾ ಬಂದರು. 1990-92ರ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಲ್ಲಿ ಅದು 93.5% ಪರಿಣಾಮಕಾರಿ ಅಂತ ಕಂಡಿತ್ತು. 2005ರಿಂದ 2010ರ ಅಂಕಿಅಂಶ ತೆಗೆದು ನೋಡಿದಾಗ ಎರಡು ಡೋಸ್‌ಗೆ 62.4% ಮಾತ್ರ, ಬೂಸ್ಟರ್ ಸೇರಿದರೆ 82.9%. ಇಳಿಮುಖ ಕಣ್ಣಿಗೆ ರಾಚುವಂತಿತ್ತು. ನಂತರದ ವರ್ಷಗಳಲ್ಲಿ ಇನ್ನೂ ಕೆಳಗೆ ಹೋಯಿತು. ಕೊನೆಗೆ ಲಸಿಕೆಯ ಶಕ್ತಿ ಸಾಲದು ಅಂತ ಒಪ್ಪಿಕೊಂಡು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು.

ಸತ್ತ ವೈರಸ್‌ನಿಂದ ಮಾಡಿದ ಲಸಿಕೆ ದೇಹಕ್ಕೆ ನಿಜವಾದ ಸೋಂಕಿನಷ್ಟು ಗಟ್ಟಿಯಾದ ಪಾಠ ಕಲಿಸುವುದಿಲ್ಲ. ಅದು ಕೋಶಗಳ ಒಳಗೆ ಹೋಗಿ ಬೆಳೆಯುವುದಿಲ್ಲ, ಹಾಗಾಗಿ ಟಿ ಕೋಶಗಳು ಅಷ್ಟಾಗಿ ಎಚ್ಚರಗೊಳ್ಳುವುದಿಲ್ಲ, ಪ್ರತಿಕಾಯಗಳೂ ಬೇಗ ಇಳಿಯುತ್ತವೆ. ಅದಕ್ಕಾಗಿಯೇ ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೆ ಬೂಸ್ಟರ್ ಅಂತ ಇಟ್ಟಿದ್ದರು. ಇದು ಕಾಗದದ ಮೇಲೆ ಸರಿ. ಆದರೆ ಚುಚ್ಚಿದ ಜಾಗ ತುಂಬಾ ನೋಯುತ್ತಿತ್ತು. ದಿನಗೂಲಿಗೆ ಹೋಗುವವರಿಗೆ ತೋಳು ನೋವು ಅಂದರೆ ಒಂದೆರಡು ದಿನದ ಕೂಲಿ ಹೋದಂತೆ. ಮೊದಲ ಡೋಸ್ ತೆಗೆದುಕೊಂಡವರಲ್ಲಿ ಎಷ್ಟೋ ಜನ ಎರಡನೆಯದಕ್ಕೆ ಬರಲಿಲ್ಲ, ಬೂಸ್ಟರ್‌ಗೆ ಇನ್ನೂ ಕಡಿಮೆ. ಅವರನ್ನು ಬೈದು ಪ್ರಯೋಜನ ಇಲ್ಲ. ಅದರ ಜೊತೆಗೆ ಸಮಯದ ತೊಡಕು ಬೇರೆ. ಮಂಗ ಸತ್ತದ್ದು ಅಥವಾ ರೋಗ ಬಂದದ್ದು ಖಚಿತವಾದ ಮೇಲೆ ಸುತ್ತ ಐದು ಕಿಲೋಮೀಟರ್ ಒಳಗಿನ ಹಳ್ಳಿಗಳಿಗೆ ಲಸಿಕೆ ಹಾಕುವುದು ಪದ್ಧತಿಯಾಗಿತ್ತು. ಜನವರಿಯಲ್ಲಿ ಮಂಗ ಸತ್ತು, ಫಲಿತಾಂಶ ಬಂದು, ಮೊದಲ ಡೋಸ್ ಹಾಕಿ, ತಿಂಗಳು ಬಿಟ್ಟು ಎರಡನೆಯದು ಹಾಕಿ, ಆಮೇಲೆ ಪ್ರತಿಕಾಯ ಏರುವಷ್ಟರಲ್ಲಿ ಮಾರ್ಚ್ ಮುಗಿಯುತ್ತಾ ಬಂದಿರುತ್ತಿತ್ತು. ಅಷ್ಟರಲ್ಲಿ ಆ ವರ್ಷದ ಕೆಟ್ಟ ತಿಂಗಳುಗಳು ಕಳೆದೇ ಹೋಗಿರುತ್ತಿದ್ದವು.

ಈಗ ಕೈಯಲ್ಲಿರುವುದು ಉಣುಗನ್ನು ದೂರ ಇಡುವ ಎಣ್ಣೆ. ಮೊದಲು ಡಿಎಂಪಿ ಎಣ್ಣೆ ಹಂಚುತ್ತಿದ್ದರು, ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಭಿವೃದ್ಧಿಪಡಿಸಿದ ಡೆಪಾ ಎಣ್ಣೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡರೆ ಕೆಲವು ಗಂಟೆ ಉಣುಗು ಹತ್ತಿರ ಬರುವುದಿಲ್ಲ. ಬೆವರು ಹರಿದರೆ ಮತ್ತೆ ಹಚ್ಚಬೇಕು. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸುವುದು, ಬಂದ ಕೂಡಲೇ ಬಿಸಿನೀರು-ಸೋಪಿನಲ್ಲಿ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸುವುದು, ಮೈಯನ್ನೆಲ್ಲ ಹುಡುಕಿ ನೋಡುವುದು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಸುರಿಯುವುದು, ಉಗುರಲ್ಲಿ ಕುಕ್ಕುವುದು ಬೇಡ.

ಇಷ್ಟೆಲ್ಲ ಹೇಳುವುದು ಸುಲಭ. ದರಗು ಗುಡಿಸುವುದು, ಸೊಪ್ಪು ಕಡಿಯುವುದು, ಸೌದೆ ತರುವುದು, ದನ ಅಟ್ಟಿಕೊಂಡು ಹೋಗುವುದು ಇವೆಲ್ಲ ನಡೆಯುವುದು ಸರಿಯಾಗಿ ಡಿಸೆಂಬರ್‌ನಿಂದ ಏಪ್ರಿಲ್ ತನಕವೇ, ಉಣುಗಿನ ಕಾಲದಲ್ಲೇ. ಮಾಡುವವರು ಹೆಚ್ಚಾಗಿ ಹೆಂಗಸರು, ಕೂಲಿಯವರು, ಸ್ವಂತ ಸೊಪ್ಪಿನ ಬೆಟ್ಟ ಇಲ್ಲದವರು. ಅವರಿಗೆ ಕಾಡಿಗೆ ಹೋಗಬೇಡಿ ಅಂದರೆ ಒಲೆ ಹೊತ್ತಿಸಬೇಡಿ ಅಂದ ಹಾಗೆ. ಆ ತಿಂಗಳುಗಳಲ್ಲಿ ರೋಗ ಇರುವ ಪಂಚಾಯಿತಿಗಳಿಗೆ ಸಬ್ಸಿಡಿ ಗ್ಯಾಸ್ ಸಿಲಿಂಡರ್, ಕೊಟ್ಟಿಗೆಗೆ ಹಾಸಲು ಬತ್ತದ ಹುಲ್ಲು ಒದಗಿಸುವ ಬಗ್ಗೆ ಯಾರೂ ಗಂಭೀರವಾಗಿ ಯೋಚಿಸಿದಂತೆ ಕಾಣುವುದಿಲ್ಲ. ಎಣ್ಣೆ ಬಾಟಲಿಯೂ ನವೆಂಬರ್ ಒಳಗೆ ಮನೆ ಮುಟ್ಟಬೇಕು. ಜ್ವರ ಶುರುವಾದ ಮೇಲೆ ಆಶಾ ಕಾರ್ಯಕರ್ತೆಯರು ಬಾಟಲಿ ಹೊತ್ತು ಮನೆ ಮನೆ ಅಲೆಯುವ ಸ್ಥಿತಿ ಬರಬಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡುತ್ತಿವೆ. ಇದೂ ಸಾಯಿಸಿದ ವೈರಸ್‌ನದ್ದೇ, ಆದರೆ ದೇಹವನ್ನು ಚೆನ್ನಾಗಿ ಎಚ್ಚರಿಸಲು ಜೊತೆಗೊಂದು ಸಹಾಯಕ ವಸ್ತು ಸೇರಿಸುತ್ತಾರೆ. ಬರಲಿ ಅಂತ ಮನಸಾರೆ ಕಾಯುತ್ತಿದ್ದೇನೆ. ಬಂದ ದಿನ ಆರೋಗ್ಯ ಇಲಾಖೆಯನ್ನು ನಾವು ಕೇಳಬೇಕಾದದ್ದು ಒಂದಷ್ಟಿದೆ. ರಕ್ಷಣೆ ಎಷ್ಟು ತಿಂಗಳು ಉಳಿಯುತ್ತದೆ? ಹಳೆಯ ಲಸಿಕೆಯಿಂದ ಹೊರಗುಳಿದಿದ್ದ ಸಣ್ಣ ಮಕ್ಕಳಿಗೂ 65 ದಾಟಿದವರಿಗೂ ಕೊಡಬಹುದೇ? ಮಂಗ ಸಾಯುವ ತನಕ ಕಾಯದೆ, ಮಳೆಗಾಲದಲ್ಲೇ ಎರಡೂ ಡೋಸ್ ಮುಗಿಸುತ್ತೀರಾ? ಪ್ರತಿ ಬ್ಯಾಚಿನ ಶಕ್ತಿ ಪರೀಕ್ಷೆಯ ಫಲಿತಾಂಶವನ್ನು, ಪ್ರತಿ ವರ್ಷ ಲಸಿಕೆ ಪಡೆದವರಲ್ಲಿ ಎಷ್ಟು ಜನರಿಗೆ ಕಾಯಿಲೆ ಬಂತು ಅನ್ನೋ ಲೆಕ್ಕವನ್ನು ತಾಲ್ಲೂಕುವಾರು ಹೊರಗೆ ಹಾಕುತ್ತೀರಾ? ಹಳೆಯ ಲಸಿಕೆ ದುರ್ಬಲ ಆಗುತ್ತಿದ್ದುದು ಅಂಕಿಗಳಲ್ಲಿ ವರ್ಷಗಳ ಮೊದಲೇ ಕಾಣುತ್ತಿತ್ತು. ಅದನ್ನು ನಂಬಿ ತೋಳು ಒಡ್ಡಿ, ಧೈರ್ಯವಾಗಿ ಕಾಡಿಗೆ ಹೋದವರಿಗೆ ಮಾತ್ರ ಯಾರೂ ಹೇಳಿರಲಿಲ್ಲ.